ಬೆಳಕೆಂಬ ದೂತನ ಯೋಗ್ಯಾಯೋಗ್ಯತೆ

ಕಾವ್ಯದಲ್ಲಿ ದೂತನಾಗತಕ್ಕವನು ಯಾರು ಎಂಬ ವಿಷಯದಲ್ಲಿ ನಮ್ಮ ಆಲಂಕಾರಿಕರಲ್ಲಿ ಒಂದು ಹಳೆಯ ವಾದವುಂಟು. ಭಾಮಹನು ತನ್ನ 'ಕಾವ್ಯಾಲಂಕಾರ'ದಲ್ಲಿ ಮೇಘ, ಮಾರುತ, ಚಂದ್ರ, ಭ್ರಮರ ಮೊದಲಾದವನ್ನು ದೂತರನ್ನಾಗಿ ಕಳುಹಿಸುವ ಕವಿಸಂಪ್ರದಾಯವನ್ನು 'ಅಯುಕ್ತಿಮತ್' ಎಂಬ ದೋಷದಲ್ಲಿ ಸೇರಿಸಿರುವನು. ಮಾತಿಲ್ಲದವೂ ಮಾತು ಸ್ಫುಟವಲ್ಲದವೂ ದೂರದೇಶದಲ್ಲಿ ದೌತ್ಯವನ್ನು ನಡೆಸುವುದೆಂತು ಎಂಬುದು ಅವನ ಆಕ್ಷೇಪ. ಉತ್ಕಂಠೆಯಿಂದ ಮೈಮರೆತವನು ಹಾಗೆ ನುಡಿದರೆ ಸಲ್ಲಬಹುದೆಂದು ಒಂದು ಕಿರುಬಾಗಿಲನ್ನು ಮಾತ್ರ ಅವನು ತೆರೆದಿಟ್ಟನು. ಕಾಳಿದಾಸನ ಯಕ್ಷನು ಆ ಬಾಗಿಲಿನಿಂದಲೇ ಪಾರಾಗುವನೆಂದು ರಸಿಕರು ಸಮಾಧಾನ ಹೇಳುವುದುಂಟು.

ಈಗ ಯಂತ್ರಶಾಸ್ತ್ರಜ್ಞರು ಬೆಳಕನ್ನೇ ದೂತನನ್ನಾಗಿ ನಿಯಮಿಸಿರುವರು. ಒಂದು ಗುಡ್ಡದ ಮೇಲೆ ಒಂದು ಲೇಸರ್ ಪೆಟ್ಟಿಗೆ, ಎದುರಿನ ಗುಡ್ಡದ ಮೇಲೆ ಇನ್ನೊಂದು, ನಡುವೆ ತಂತಿಯಿಲ್ಲ, ನೆಲದಲ್ಲಿ ಹೂಳಿದ ಗಾಜಿನ ಎಳೆಯಿಲ್ಲ, ಬರಿಯ ಗಾಳಿ. ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕಿನ ಕಿರಣವೊಂದು ಕ್ಷಣಕ್ಕೆ ಕೋಟ್ಯಂತರ ಸಲ ಹೊತ್ತಿ ಆರಿ, ಒಂದು ಊರಿನ ಮಾತು, ಲೆಕ್ಕ, ಚಿತ್ರಗಳನ್ನೆಲ್ಲ ಇನ್ನೊಂದು ಊರಿಗೆ ಒಯ್ಯುವುದು. ಇದನ್ನು ಹೇಳುವವರು ಉತ್ಕಂಠಿತರಲ್ಲ, ಲೆಕ್ಕವಿಟ್ಟು ನುಡಿಯುವವರು. ಆದುದರಿಂದ ಭಾಮಹನು ಕೊಟ್ಟ ರಿಯಾಯಿತಿ ಇವರಿಗೆ ಸಲ್ಲದು, ಅವನು ಕೇಳಿದ ಪ್ರಶ್ನೆ ಮಾತ್ರ ಸಲ್ಲುವುದು. ಈ ದೂತನು ದೌತ್ಯಕ್ಕೆ ಯೋಗ್ಯನೇ? ಯಾವ ಕಾಲದಲ್ಲಿ ಯೋಗ್ಯನು, ಯಾವ ಕಾಲದಲ್ಲಿ ಅಯೋಗ್ಯನು? ಅವನ ನಂಬಿಕೆಯನ್ನು ಹೆಚ್ಚಿಸಲು ಹೂಡಿದ ಉಪಾಯಗಳಲ್ಲಿ ಗಟ್ಟಿಯಾದುದಾವುದು, ಜೊಳ್ಳಾವುದು? ಪ್ರಕೃತ ಲೇಖನದಲ್ಲಿ ಇಷ್ಟನ್ನು ವಿಮರ್ಶಿಸಲು ಯತ್ನಿಸಿದೆ.

ವಿಮರ್ಶೆಗೆ ಒಂದು ನೆಲೆ ಬೇಕು. ಆಕಾಶವೆಲ್ಲವೂ ಒಂದೇ ಎಂದು ಬಗೆದು ಆಡಿದ ಮಾತುಗಳೇ ಈ ವಿಷಯದಲ್ಲಿ ಹೆಚ್ಚಾಗಿರುವುದರಿಂದ, ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಯಮಕನಮರಡಿಯನ್ನು ಒರೆಗಲ್ಲಾಗಿ ಆರಿಸಿಕೊಂಡಿದೆ. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ, ಸಂಕೇಶ್ವರಕ್ಕೂ ಬೆಳಗಾವಿಗೂ ನಡುವೆ ಇರುವ ಊರಿದು. ಮರಡಿಯೆಂದರೆ ದಿಬ್ಬ, ಕಲ್ಲುಗುಡ್ಡ ಎಂಬುದನ್ನು ಕನ್ನಡದ ಉಪಾಧ್ಯಾಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆಸರಿನಲ್ಲಿಯೇ ಎತ್ತರವನ್ನು ಹೊತ್ತ ಊರು ಬೆಳಕಿನ ದೌತ್ಯಕ್ಕೆ ಮೇಲ್ನೋಟಕ್ಕೆ ಒಪ್ಪುವಂತಹದು. ಎತ್ತರದಿಂದ ಎತ್ತರಕ್ಕೆ ನೋಟ ಹರಿಯುವಲ್ಲಿ ಕಿರಣವೂ ಹರಿಯುವುದು. ಆದರೆ ಇಲ್ಲಿನ ಆಕಾಶದ ಸ್ವಭಾವವು ನೆಲದಷ್ಟು ಸರಳವಲ್ಲ. ಪಶ್ಚಿಮಕ್ಕೆ ಸಹ್ಯಾದ್ರಿಯ ಅಂಚು. ಆ ಅಂಚಿನ ಮೇಲಿರುವ ಅಂಬೋಲಿಯು ನಾಡಿನ ಅತಿವೃಷ್ಟಿಯ ಸ್ಥಳಗಳಲ್ಲೊಂದು. ಪೂರ್ವಕ್ಕೆ ಗೋಕಾಕ, ಮೂಡಲಗಿಗಳ ಬಯಲು. ಅಲ್ಲಿ ಮಳೆ ಅದರ ಹತ್ತನೆಯ ಒಂದು ಪಾಲಿಗೂ ಬರುವುದು ಕಷ್ಟ. ನೂರು ಕಿಲೋಮೀಟರಿನ ಆಸುಪಾಸಿನಲ್ಲಿಯೇ ಮಲೆನಾಡಿನಿಂದ ಬೆಳವಲಕ್ಕೆ ಇಳಿಯುವ ಈ ಇಳಿಜಾರಿನ ನಡುವೆ ಯಮಕನಮರಡಿಯಿದೆ. ಹತ್ತಿರದಲ್ಲಿಯೇ ಘಟಪ್ರಭೆಗೆ ಕಟ್ಟಿದ ಹಿಡಕಲ್ ಅಣೆಕಟ್ಟಿನ ರಾಜಾ ಲಖಮಗೌಡ ಜಲಾಶಯ. ಸುತ್ತಲೂ ಕಬ್ಬಿನ ಗದ್ದೆಗಳು. ಮಳೆ, ಮಂಜು, ಬಿಸಿಲು, ಹೊಗೆ ನಾಲ್ಕೂ ತಮ್ಮ ತಮ್ಮ ಕಾಲದಲ್ಲಿ ಇಲ್ಲಿ ಆಕಾಶವನ್ನು ಆಳುವುವು. ಒರೆಗಲ್ಲಿಗೆ ಇದಕ್ಕಿಂತ ಹೆಚ್ಚಿನ ಗುಣವು ಬೇಡ.

ಬೆಳಕಿನಿಂದ ಸುದ್ದಿ ಕಳುಹಿಸುವುದು ಹೊಸದಲ್ಲವೆಂಬುದು ವಿದಿತವೇ ಇದೆ. ೧೭೯೪ರಲ್ಲಿ ಫ್ರಾನ್ಸಿನ ಕ್ಲಾಡ್ ಶಾಪ್ ಎಂಬವನು ಪ್ಯಾರಿಸಿನಿಂದ ಲೀಲ್ ನಗರದವರೆಗೆ ಗೋಪುರಗಳ ಸಾಲನ್ನು ನಿಲ್ಲಿಸಿ, ಮರದ ತೋಳುಗಳ ಭಂಗಿಯಿಂದ ಅಕ್ಷರಗಳನ್ನು ಸೂಚಿಸಿದನು. ೧೮೨೧ರಲ್ಲಿ ಗೌಸನು ಸೂರ್ಯಪ್ರಕಾಶವನ್ನು ಕನ್ನಡಿಯಿಂದ ದೂರದ ಗುಡ್ಡಕ್ಕೆ ಎಸೆಯುವ ಹೀಲಿಯೋಟ್ರೋಪನ್ನು ಭೂಮಾಪನಕ್ಕಾಗಿ ರಚಿಸಿದನು. ಲ್ಯಾಂಬ್ಟನ್ನನು ೧೮೦೦ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದು ಆರಂಭಿಸಿದ ಕೆಲಸವು ಮುಂದೆ ಎವರೆಸ್ಟನ ಕೈಗೆ ಬಂದಾಗ, ಈ ಕನ್ನಡಿಗಳೂ ರಾತ್ರಿಯ ದೀಪಗಳೂ ಮಹಾ ತ್ರಿಕೋಣಮಾಪನದ ಮುಖ್ಯ ಸಾಧನಗಳಾದುವು. ಹಗಲಿನಲ್ಲಿ ಕಾಣದ ದೂರದ ನಿಲ್ದಾಣವು ರಾತ್ರಿಯಲ್ಲಿ ಗಾಳಿಯ ವಕ್ರೀಭವನದಿಂದ ಮೇಲೆದ್ದು ಕಾಣುವುದೆಂಬುದನ್ನು ಆ ಮಾಪಕರು ಉಪಯೋಗಿಸಿಕೊಂಡರು. ಗಾಳಿಯು ಬೆಳಕಿಗೆ ಹಾದಿ ಮಾತ್ರವಲ್ಲ, ಹಾದಿಯನ್ನು ಬಾಗಿಸುವ ಕೈಯೂ ಹೌದೆಂಬ ತಿಳಿವಳಿಕೆ ನಮ್ಮ ನಾಡಿನ ಗುಡ್ಡಗಳ ಮೇಲೆ ಅಂದೇ ಆಚರಣೆಯಲ್ಲಿತ್ತೆಂಬುದು ಗಮನಾರ್ಹ. ೧೮೬೯ರಲ್ಲಿ ಹೆನ್ರಿ ಮಾನ್ಸ್ ಎಂಬ ತಂತಿ ಇಲಾಖೆಯ ಅಧಿಕಾರಿ ಕರಾಚಿಯಲ್ಲಿ ಹೀಲಿಯೋಗ್ರಾಫನ್ನು ಕಂಡುಹಿಡಿದನು. ೧೮೮೦ರಲ್ಲಿ ಗ್ರಹಾಂ ಬೆಲ್ಲನೂ ಅವನ ಸಹಾಯಕ ಟೇಂಟರನೂ ಸೂರ್ಯನ ಕಿರಣದ ಮೇಲೆ ಮಾತನ್ನೇ ಏರಿಸಿ ೨೧೩ ಮೀಟರು ದೂರಕ್ಕೆ ಕಳುಹಿಸಿದರು. ತನ್ನ ಟೆಲಿಫೋನಿಗಿಂತಲೂ ಆ 'ಫೋಟೋಫೋನ್' ದೊಡ್ಡದೆಂದು ಬೆಲ್ಲನು ಭಾವಿಸಿದ್ದನು. ಲೋಕವು ಹಾಗೆ ಭಾವಿಸಲಿಲ್ಲ. ಕಾರಣವು ಸ್ಪಷ್ಟ. ಮೋಡ ಬಂದರೆ ಟೆಲಿಫೋನು ಮೂಕವಾಗದು, ಫೋಟೋಫೋನು ಆಗುವುದು.

ಇಲ್ಲಿಯೇ ಒಂದು ರೂಪಕವನ್ನು ಪರೀಕ್ಷಿಸಬೇಕು. ವಿಜ್ಞಾನವನ್ನು ಸುಲಭಗೊಳಿಸುವ ಬರೆಹಗಳಲ್ಲಿ ಈ ಕಿರಣವನ್ನು 'ಕಾಣದ ತಂತಿ' ಎಂದು ವರ್ಣಿಸುವುದು ವಾಡಿಕೆ. ರೂಪಕದಲ್ಲಿ ಉಪಮಾನೋಪಮೇಯಗಳಿಗೆ ಅಭೇದವನ್ನು ಆರೋಪಿಸುವಾಗ ಯಾವ ಧರ್ಮವು ಸಮಾನವೆಂಬುದನ್ನು ನೋಡಿಕೊಳ್ಳಬೇಡವೇ? ತಂತಿಗೆ ತನ್ನ ಒಡಲೇ ಹಾದಿ. ಹೊರಗಿನ ಋತುವು ಅದರೊಳಗನ್ನು ಮುಟ್ಟದು. ಕಿರಣಕ್ಕೆ ಸ್ವಂತ ಒಡಲಿಲ್ಲ; ಋತುವೇ ಅದರ ಒಡಲು. ಸಮಾನಧರ್ಮವು ಯಾವುದು ಅತ್ಯಗತ್ಯವೋ ಅದೇ ಇಲ್ಲದಿರುವಲ್ಲಿ ರೂಪಕವು ಅಲಂಕಾರವಾಗದೆ ಅಪಚಾರವಾಗುವುದು. ಈ ದೂತನಿಗೆ ಸರಿಯಾದ ಉಪಮಾನವು ನೋಟ. ಎಲ್ಲಿಯವರೆಗೆ ಕಣ್ಣು ಕಾಣುವುದೋ ಅಲ್ಲಿಯವರೆಗೆ, ಎಷ್ಟು ನಿಚ್ಚಳವಾಗಿ ಕಾಣುವುದೋ ಅಷ್ಟು ನಿಚ್ಚಳವಾಗಿ, ಅವನು ನಡೆಯಬಲ್ಲನು. ಎದುರಿನ ಗುಡ್ಡವು ಮಬ್ಬಾದ ದಿನ ಅವನೂ ಮಬ್ಬು. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ವಾಚಕನಿಗೆ ಮುಂದಿನ ಶಾಸ್ತ್ರವೆಲ್ಲ ಅರ್ಧ ತಿಳಿದಂತೆ. 'ಕಾಣದ ತಂತಿ' ಎಂದರೆ ಎಲ್ಲವನ್ನೂ ಮೊದಲು ಮರೆಸಿ ಆಮೇಲೆ ಕಲಿಸಬೇಕಾಗುವುದು.

ಗಾಳಿಯು ಬೆಳಕಿಗೆ ಮಾಡುವ ಕೇಡು ಎರಡು ಬಗೆಯದು. ಇವೆರಡನ್ನೂ ಒಂದೇ ಚೀಲಕ್ಕೆ ತುಂಬಿ 'ಹವಾಮಾನದ ಅಡಚಣೆ' ಎಂದು ಕರೆಯುವುದರಿಂದಲೇ ಬಹಳ ಗೊಂದಲ ಹುಟ್ಟಿದೆ. ಮೊದಲನೆಯದು ಕುಂದು: ಕಿರಣದ ಪಾಲೊಂದು ಹೀರಿಹೋಗುವುದು ಅಥವಾ ಚದರಿಹೋಗುವುದು. ಎರಡನೆಯದು ಮಿನುಗು: ಕಿರಣವು ಕುಂದದೆಯೇ ಕದಡುವುದು.

ಕುಂದನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುವರು. ೧೦ ಡೆಸಿಬೆಲ್ ಎಂದರೆ ಹತ್ತರಲ್ಲೊಂದು ಪಾಲು ಉಳಿಯಿತು, ೨೦ ಎಂದರೆ ನೂರರಲ್ಲೊಂದು, ೩೦ ಎಂದರೆ ಸಾವಿರದಲ್ಲೊಂದು. ಕಣ್ಣಿನ ನೋಟ ಎಷ್ಟು ಕಿಲೋಮೀಟರು ಹರಿಯುವುದೋ ಆ ಸಂಖ್ಯೆಯಿಂದ ೧೭ನ್ನು ಭಾಗಿಸಿದರೆ ಒಂದು ಕಿಲೋಮೀಟರಿನ ಕುಂದು ಸ್ಥೂಲವಾಗಿ ದೊರೆಯುವುದು. ಮಳೆ ನಿಂತು ತೊಳೆದಿಟ್ಟಂತಹ ದಿನ ನೋಟವು ೨೦ ಕಿಲೋಮೀಟರು ಹರಿಯುವುದೆನ್ನೋಣ. ಆಗ ಕಿಲೋಮೀಟರಿಗೆ ೧ ಡೆಸಿಬೆಲಿಗಿಂತಲೂ ಕಡಮೆ ಕುಂದು. ೫ ಕಿಲೋಮೀಟರು ಸಾಗಿದರೂ ಬೆಳಕಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಉಳಿದಿರುವುದು. ನೋಟವು ಒಂದು ಕಿಲೋಮೀಟರಿಗೆ ಇಳಿದ ದಿನ ಕಿಲೋಮೀಟರಿಗೆ ೧೭ ಡೆಸಿಬೆಲ್. ಐವತ್ತರಲ್ಲೊಂದು ಪಾಲು ಮಾತ್ರ ಉಳಿಯುವುದು. ಮಂಜು ಕವಿದು ೨೦೦ ಮೀಟರಿನಾಚೆ ಏನೂ ಕಾಣದ ಬೆಳಗಿನಲ್ಲಿ ಕಿಲೋಮೀಟರಿಗೆ ೮೫ ಡೆಸಿಬೆಲ್. ಉಳಿಯುವುದು ಮೂವತ್ತು ಕೋಟಿಯಲ್ಲಿ ಒಂದು ಪಾಲಿನಷ್ಟು. ಇಲ್ಲಿ ದೂತನು ಕುಂಟಿದನೆನ್ನಲಾಗದು, ಇಲ್ಲವಾದನೆನ್ನಬೇಕು. ಅಲೆಯ ಉದ್ದವನ್ನು ಹೆಚ್ಚಿಸಿ ಕೆಂಪಿನಾಚೆಯ ಬೆಳಕನ್ನು ಬಳಸಿದರೆ ತೆಳು ಮಬ್ಬಿನಲ್ಲಿ ಸ್ವಲ್ಪ ಲಾಭವುಂಟು. ದಟ್ಟವಾದ ಮಂಜಿನಲ್ಲಿ ಆ ಲಾಭವೂ ಹೋಗುವುದು, ಏಕೆಂದರೆ ಮಂಜಿನ ಹನಿಗಳು ಎರಡು ಬೆಳಕುಗಳ ಅಲೆಗಿಂತಲೂ ಎಷ್ಟೋ ದೊಡ್ಡವು.

ಮಳೆಗಿಂತ ಮಂಜು ಹೆಚ್ಚು ಕೇಡಿಗವೆಂಬ ಮಾತು ಮೊದಲ ಕೇಳ್ಮೆಗೆ ವಿಚಿತ್ರವಾಗಿ ತೋರುವುದು. ಗಂಟೆಗೆ ೨೫ ಮಿಲಿಮೀಟರಿನ ಬಿರುಮಳೆಯಲ್ಲಿಯೂ ಕುಂದು ಕಿಲೋಮೀಟರಿಗೆ ೯ ಡೆಸಿಬೆಲಿನ ಆಸುಪಾಸು. ಮಂಜಿನ ೮೫ರ ಮುಂದೆ ಅದೇನು ದೊಡ್ಡದು! ಕಾರಣವು ಹನಿಯ ಗಾತ್ರದಲ್ಲಿದೆ. ಒಂದು ಮಿಲಿಮೀಟರು ತ್ರಿಜ್ಯದ ಒಂದು ಮಳೆಹನಿಯನ್ನು ಅದರ ನೂರರಲ್ಲೊಂದು ತ್ರಿಜ್ಯದ ಹನಿಗಳನ್ನಾಗಿ ಒಡೆದರೆ ಹತ್ತು ಲಕ್ಷ ಹನಿಗಳಾಗುವುವು. ಅವೆಲ್ಲ ಸೇರಿ ಬೆಳಕಿಗೆ ಅಡ್ಡವಾಗುವ ಅಗಲವು ಮೊದಲಿನ ನೂರು ಪಟ್ಟು. ನೀರು ಅಷ್ಟೇ; ಅಡ್ಡಿ ನೂರ್ಮಡಿ. ಚಂಡೆಯ ಬಡಿತಕ್ಕೆ ಅಂಜದವನು ಪಿಸುಮಾತಿಗೆ ಸೋತಂತೆ, ಜಡಿಮಳೆಯನ್ನು ಹಾದು ಬಂದ ಕಿರಣವು ಕಾವಳಕ್ಕೆ ಸೋಲುವುದು.

ಎರಡನೆಯ ಕೇಡಾದ ಮಿನುಗಿಗೆ ನಮ್ಮ ಭಾಷೆಯಲ್ಲಿ ಪದವನ್ನು ಹುಡುಕಬೇಕಾಗಿಲ್ಲ. ಚುಕ್ಕೆ ಮಿನುಗುವುದೂ ಇದೂ ಒಂದೇ. ನೆಲವು ಕಾದಾಗ ಬಿಸಿಗಾಳಿಯ ಉಂಡೆಗಳು ಮೇಲೇಳುವುವು, ತಂಪುಗಾಳಿಯು ಕೆಳಗಿಳಿಯುವುದು. ಒಂದೊಂದು ಉಂಡೆಯೂ ಒಂದೊಂದು ದುರ್ಬಲ ಮಸೂರದಂತೆ ಕಿರಣವನ್ನು ಅಲ್ಲಲ್ಲಿ ಕೂಡಿಸಿ ಅಲ್ಲಲ್ಲಿ ಹರಡುವುದು. ಪಡೆಯುವ ಕಡೆಯಲ್ಲಿ ಬೆಳಕು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಿಂದ ನೂರರಲ್ಲೊಂದು ಪಾಲಿನವರೆಗಿನ ಹೊತ್ತು ಕುಸಿದು ಮತ್ತೆ ಏಳುವುದು. ಹಳಗನ್ನಡದ ಕವಿಗಳಿಗೆ ಪ್ರಿಯವಾದ 'ಬಿಸಿಲ್ಗುದುರೆ'ಯೂ ಈ ಕಾದ ಗಾಳಿಯ ಕುಲಕ್ಕೆ ಸೇರಿದುದೇ. ಅಲ್ಲಿ ಪದರವು ಬೆಳಕನ್ನು ಬಾಗಿಸುವುದು, ಇಲ್ಲಿ ಉಂಡೆಗಳು ಕಲಕುವುವು. ದೂರವು ಇಮ್ಮಡಿಯಾದರೆ ಮಿನುಗಿನ ಅಳತೆಯು ಸುಮಾರು ಮೂರೂವರೆ ಪಟ್ಟಾಗುವುದೆಂದು ಸಿದ್ಧಾಂತವು ಹೇಳುವುದು. ಗೋಕಾಕದ ಕಡೆಯ ಕರಿಮಣ್ಣಿನ ಬಯಲಿನ ಮೇಲೆ ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಈ ಕೇಡು ಎಷ್ಟೆಂಬುದನ್ನು ದಾರಿಯ ಡಾಂಬರಿನ ಮೇಲೆ ನಡುಗುವ ಗಾಳಿಯನ್ನು ಕಂಡವರೆಲ್ಲರೂ ಬಲ್ಲರು.

ಇನ್ನು ಉಪಾಯಗಳ ವಿಮರ್ಶೆ. ಮಿನುಗಿಗೆ ಮದ್ದು ಬಹಳವಿದೆ, ಅದರಲ್ಲಿ ಬಹುಪಾಲು ಸಾಚಾ ಎಂಬುದನ್ನು ಮೊದಲೇ ಒಪ್ಪಬೇಕು. ಪಡೆಯುವ ಮಸೂರವನ್ನು ಹಿರಿದು ಮಾಡಿದರೆ ಅದರ ಒಂದು ಭಾಗದಲ್ಲಿ ಬಿದ್ದ ನೆರಳನ್ನು ಇನ್ನೊಂದು ಭಾಗದ ಬೆಳಕು ತುಂಬಿಕೊಡುವುದು. ಗ್ರಹಗಳು ಚುಕ್ಕೆಗಳಂತೆ ಮಿನುಗದಿರುವುದಕ್ಕೂ ಇದಕ್ಕೂ ನ್ಯಾಯವು ಒಂದೇ. ಒಂದೇ ಸುದ್ದಿಯನ್ನು ಸ್ವಲ್ಪ ಸ್ವಲ್ಪ ದೂರದಲ್ಲಿಟ್ಟ ಮೂರು ನಾಲ್ಕು ಕಿರಣಗಳಲ್ಲಿ ಕಳುಹಿಸಿದರೆ ಎಲ್ಲವೂ ಒಮ್ಮೆಲೇ ಕುಸಿಯುವುದು ವಿರಳ. ಕಿರಣವನ್ನು ನೆಲದಿಂದ ಎತ್ತರಕ್ಕೆ ಒಯ್ದರೆ ಕಾದ ಗಾಳಿಯ ಕಾಟ ತಗ್ಗುವುದು. ಮರಡಿಯ ಊರಿಗೆ ಇದು ಹುಟ್ಟಿನಿಂದ ಬಂದ ಸೌಕರ್ಯ.

ಈ ಉಪಾಯಗಳಲ್ಲಿ ಸಾಹಿತ್ಯದವರ ಮನಸ್ಸನ್ನು ವಿಶೇಷವಾಗಿ ಸೆಳೆಯತಕ್ಕುದು ದೋಷಪರಿಹಾರಕ ಸಂಕೇತಗಳ ವಿದ್ಯೆ. ಕಳುಹಿಸುವ ಅಂಕಿಗಳ ಜೊತೆಗೆ, ಅವುಗಳಿಂದಲೇ ಗಣಿಸಿದ ಕೆಲವು ಹೆಚ್ಚಿನ ಅಂಕಿಗಳನ್ನು ಸೇರಿಸಿ ಕಳುಹಿಸುವರು. ದಾರಿಯಲ್ಲಿ ಕೆಲವು ಅಳಿದರೆ ಉಳಿದವುಗಳ ಸಂಬಂಧದಿಂದ ಅಳಿದುದನ್ನು ಊಹಿಸಿಕೊಳ್ಳುವರು. ಇದು ನಮಗೆ ಹೊಸದೇ? ಓಲೆಗರಿಯ ಪ್ರತಿಯಲ್ಲಿ ಅಕ್ಷರವೊಂದು ಹುಳುತಿಂದು ಹೋದಾಗ ಸಂಪಾದಕನು ಏನು ಮಾಡುವನು? ಕಂದಪದ್ಯವಾದರೆ ಗಣದ ಲೆಕ್ಕದಿಂದ ಎಷ್ಟು ಮಾತ್ರೆ ಕೊರೆಯಾಗಿದೆಯೆಂದು ಕಾಣುವನು. ದ್ವಿತೀಯಾಕ್ಷರ ಪ್ರಾಸದಿಂದ ಆ ಸ್ಥಾನದ ವ್ಯಂಜನವನ್ನು ನಿಶ್ಚಯಿಸುವನು. ಅರ್ಥದಿಂದ ಉಳಿದುದನ್ನು ತುಂಬುವನು. ಛಂದಸ್ಸು ಕಿವಿಗೆ ಇಂಪಾಗಿರುವುದಲ್ಲದೆ ಪಾಠಕ್ಕೆ ಕಾವಲೂ ಆಗಿರುವುದು. ಗದ್ಯದ ಪ್ರತಿಯಲ್ಲಿ ಬಿದ್ದ ಅಕ್ಷರವು ಬಿದ್ದೇ ಹೋಗುವುದನ್ನು ನೋಡಿದವರಿಗೆ ಈ ಕಾವಲಿನ ಬೆಲೆ ಗೊತ್ತು. ಯಂತ್ರಶಾಸ್ತ್ರಜ್ಞರ ಸಂಕೇತವು ಅಂಕಿಗಳಿಗೆ ತೊಡಿಸಿದ ಪ್ರಾಸವೆಂದರೆ ತಪ್ಪಾಗದು.

ಆದರೆ ಪ್ರಾಸವು ಅಲ್ಲೊಂದು ಇಲ್ಲೊಂದು ಅಕ್ಷರವನ್ನು ಕೊಟ್ಟೀತು. ಗರಿಯ ಅರ್ಧವೇ ಮುರಿದುಹೋದರೆ ಕೊಡದು. ಸೆಕೆಂಡಿಗೆ ನೂರು ಕೋಟಿ ಅಂಕಿಗಳು ಹರಿಯುವ ಕಿರಣವು ಸೆಕೆಂಡಿನ ಸಾವಿರದಲ್ಲೊಂದು ಪಾಲು ಕುಸಿದರೆ ಒಟ್ಟಿಗೆ ಹತ್ತು ಲಕ್ಷ ಅಂಕಿಗಳು ಹೋಗುವುವು. ಅದಕ್ಕಾಗಿ ಅಂಕಿಗಳನ್ನು ಕಳುಹಿಸುವ ಮುನ್ನವೇ ಕಲಸಿ ದೂರ ದೂರ ಹರಡುವರು. ಹತ್ತು ಗರಿಗಳ ಪದ್ಯಗಳನ್ನು ಒಂದೊಂದು ಗರಿಯಲ್ಲಿ ಒಂದೊಂದು ಅಕ್ಷರದಂತೆ ಹಂಚಿ ಬರೆದರೆ, ಒಂದು ಗರಿಯೇ ಕಳೆದರೂ ಪ್ರತಿಯೊಂದು ಪದ್ಯದಿಂದ ಕೆಲವೇ ಅಕ್ಷರಗಳು ಹೋಗುವಂತೆ. ಜಾಣ್ಮೆಯ ಉಪಾಯ, ಮಿನುಗಿಗೆ ಇದು ನಿಜವಾಗಿಯೂ ಸಾಕು. ಮಂಜಿಗೆ ಸಾಲದು. ಮಂಜು ಸೆಕೆಂಡಿನ ಸಾವಿರದಲ್ಲೊಂದು ಪಾಲು ನಿಂತು ಹೋಗುವುದಲ್ಲ, ಗಂಟೆಗಟ್ಟಲೆ ಕೂಡುವುದು. ಗರಿಯಲ್ಲ, ಭಂಡಾರವೇ ಹೋದಮೇಲೆ ಪ್ರಾಸವು ಯಾವ ಪಾಠವನ್ನು ಉದ್ಧರಿಸೀತು? ಸಂಕೇತಗಳ ಲಾಭವು ಎಷ್ಟು ಡೆಸಿಬೆಲೆಂದು ಲೆಕ್ಕಹಾಕಿದರೆ ಅದು ಹತ್ತರ ಆಸುಪಾಸಿನ ಮಾತು. ೮೫ರ ಮುಂದೆ ಅದನ್ನು ಇಡುವುದು ಕೆರೆಗೆ ಬಿಂದಿಗೆ ಹೊಯ್ದಂತೆ. ಸಂಕೇತವಿದ್ಯೆಯ ಫಲವನ್ನು ಹೇಳಿ ಅದರಿಂದ 'ಹವಾಮಾನವನ್ನು ಗೆದ್ದೆವು' ಎನ್ನುವ ಬರೆಹಗಳು ಮಿನುಗಿನ ಗೆಲವನ್ನು ಮಂಜಿನ ಖಾತೆಗೆ ಜಮಾ ಮಾಡುತ್ತಿರುವುವು. ನಮ್ಮ ಮುಖ್ಯ ಆಕ್ಷೇಪವು ಇದು.

ಮಂಜಿಗೆ ಉಳಿದಿರುವ ಉಪಾಯಗಳು ಎರಡೇ. ಒಂದು, ದೂರವನ್ನು ತಗ್ಗಿಸುವುದು. ಯಂತ್ರವು ೩೦ ಡೆಸಿಬೆಲ್ ಕುಂದನ್ನು ತಾಳಬಲ್ಲುದಾದರೆ, ೮೫ರ ಮಂಜಿನಲ್ಲಿ ಒಂದು ನೆಗೆತವು ೩೫೦ ಮೀಟರನ್ನು ದಾಟದು. ನಗರದಲ್ಲಿ ಎರಡು ಮಾಳಿಗೆಗಳ ನಡುವೆ ಇದು ಸಾಧ್ಯ. ೨೦೨೧ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯವರು ತಮ್ಮ ಆವರಣದ ಎರಡು ಕಟ್ಟಡಗಳ ನಡುವೆ, ಸುಮಾರು ೫೦ ಮೀಟರು ದೂರಕ್ಕೆ, ಬಯಲು ಗಾಳಿಯಲ್ಲಿಯೇ ಬೆಳಕಿನ ಕಣಗಳಿಂದ ಗುಟ್ಟಿನ ಬೀಗದ ಕೈಯನ್ನು ಹಂಚಿಕೊಂಡರು. ಅದೇ ವರುಷ ಅಹಮದಾಬಾದಿನಲ್ಲಿ ಇಸ್ರೋ ಸಂಸ್ಥೆಯವರು ೩೦೦ ಮೀಟರಿನಲ್ಲಿ ಅಂತಹುದನ್ನೇ ಸಾಧಿಸಿದರು. ಅವುಗಳ ಗುರಿ ಬೇರೆ, ಬೆಲೆ ದೊಡ್ಡದು. ಆದರೆ ಯಮಕನಮರಡಿಯಿಂದ ಹತ್ತು ಕಿಲೋಮೀಟರಿನ ಹಳ್ಳಿಗೆ ೩೫೦ ಮೀಟರಿಗೊಂದು ಕಂಬವನ್ನು ನಿಲ್ಲಿಸುವುದಾದರೆ ಸುಮಾರು ೨೯ ನೆಗೆತಗಳು ಬೇಕು; ಅಷ್ಟು ಕಂಬಗಳನ್ನು ನೆಟ್ಟವನು ಅವುಗಳ ಮೇಲೆ ಗಾಜಿನ ಎಳೆಯನ್ನೇ ತೂಗುಹಾಕಬಹುದಲ್ಲವೇ? ಪ್ರತಿಯೊಂದು ಕಂಬಕ್ಕೂ ವಿದ್ಯುತ್ತು ಬೇಕೆಂಬುದನ್ನೂ ಮರೆಯಲಾಗದು. ೧೯೬೯ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವುಳ್ಳ ಹುಕ್ಕೇರಿ ತಾಲ್ಲೂಕಿನವರಿಗೆ, ಬೆಳಕಿನ ದೂತನು ಮೊದಲು ವಿದ್ಯುತ್ತಿನ ಆಳೆಂಬುದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ವಿದ್ಯುತ್ತು, ಯಂತ್ರದ ಗುರಿ, ಗಾಳಿ ಮೂರೂ ಒಂದೊಂದು ನೂರಕ್ಕೆ ೯೯ರಷ್ಟು ನಂಬತಕ್ಕವಾದರೂ ಮೂರನ್ನೂ ಗುಣಿಸಿದಾಗ ೯೭ ಉಳಿಯುವುದು.

ಗುರಿಯ ವಿಷಯ ಒಂದು ಮಾತು ಸಾಕು. ಕಿರಣವು ಸಪೂರವಾದಷ್ಟೂ ಬೆಳಕು ಉಳಿಯುವುದು, ಗುರಿ ತಪ್ಪುವುದೂ ಸುಲಭವಾಗುವುದು. ೫ ಕಿಲೋಮೀಟರಿನ ತುದಿಯಲ್ಲಿ ಅರ್ಧ ಮೀಟರಿಗೆ ಹರಡುವ ಕಿರಣವು, ಗಾಳಿಗೆ ಕಂಬವು ಕೂದಲೆಳೆಯಷ್ಟು ಬಾಗಿದರೂ ಪಕ್ಕಕ್ಕೆ ಸರಿಯುವುದು. ಆದುದರಿಂದ ಈಗಿನ ಯಂತ್ರಗಳು ಕನ್ನಡಿಗಳನ್ನು ತಾವೇ ತಿರುಗಿಸಿಕೊಂಡು ಒಂದನ್ನೊಂದು ಹಿಂಬಾಲಿಸುವುವು. ಇದು ಸಾಧಿತವಾದ ವಿದ್ಯೆ, ಇದರಲ್ಲಿ ವಿವಾದವಿಲ್ಲ.

ಎರಡನೆಯ ಉಪಾಯವು ಜೋಡಿದೂತರದು. ಬೆಳಕಿನ ಜೊತೆಗೆ ಕಿರಿಯಲೆಯ ರೇಡಿಯೋ ಒಂದನ್ನೂ ಇಡುವುದು. ರೇಡಿಯೋದ ಅಲೆ ಮಂಜಿನ ಹನಿಗಿಂತ ಎಷ್ಟೋ ಉದ್ದವಾದುದರಿಂದ ಅದು ಮಂಜನ್ನು ಲೆಕ್ಕಿಸದು. ಮಳೆಹನಿಯು ಮಾತ್ರ ಅದಕ್ಕೆ ತಕ್ಕ ಎದುರಾಳಿ. ಬೆಳಕು ಮಂಜಿಗೆ ಸೋತರೆ ರೇಡಿಯೋ, ರೇಡಿಯೋ ಮಳೆಗೆ ಸೋತರೆ ಬೆಳಕು: ಹೀಗೆ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುವರೆಂಬುದು ಈ ಪಕ್ಷದ ತಿರುಳು. ಉಪಾಯಗಳಲ್ಲೆಲ್ಲ ಇದೇ ಶ್ರೇಷ್ಠವೆಂದು ನಮ್ಮ ಅಭಿಪ್ರಾಯ. ಆದರೂ ಇದರ ಕೆಳಗೆ ಒಂದು ಊಹೆ ಅಡಗಿದೆ. ಮಳೆಯೂ ಮಂಜೂ ಬೇರೆ ಬೇರೆ ಹೊತ್ತಿನಲ್ಲಿ ಬರುವುವೆಂಬುದೇ ಆ ಊಹೆ. ಚಳಿದೇಶದ ಕಡಲತೀರದಲ್ಲಿ ಅದು ನಿಜವಿರಬಹುದು. ಸಹ್ಯಾದ್ರಿಯ ಮಗ್ಗುಲಲ್ಲಿ ಆಷಾಢ ಶ್ರಾವಣಗಳಲ್ಲಿ ಮೋಡವೇ ನೆಲಕ್ಕಿಳಿದು, ಜಡಿಮಳೆಯೂ ಕಾವಳವೂ ಒಂದೇ ಹಾಸಿಗೆಯಲ್ಲಿ ಮಲಗುವುವು. ಪೂರ್ವದ ಬಯಲಿಗೆ ಸರಿದಷ್ಟೂ ಈ ಕೂಟ ಸಡಿಲವಾಗುವುದು. ಆದುದರಿಂದ ಇಲ್ಲಿಗೆ ವೇಗದಲ್ಲಿ ಕಡಮೆಯಾದರೂ ಮಳೆಗೆ ಬಗ್ಗದ ದೀರ್ಘತರ ಅಲೆಯ ರೇಡಿಯೋವನ್ನೇ ಜೊತೆಗಾರನನ್ನಾಗಿ ಆರಿಸಬೇಕು. ಎಲ್ಲ ಸುದ್ದಿಯೂ ಹೋಗದಿದ್ದರೂ ಮುಖ್ಯವಾದುದು ಹೋದೀತು.

ಮುಖ್ಯವಾದುದು ಯಾವುದು? ಕೌಟಿಲ್ಯನು ದೂತರನ್ನು ನಿಸೃಷ್ಟಾರ್ಥ, ಪರಿಮಿತಾರ್ಥ, ಶಾಸನಹರರೆಂದು ಮೂರಾಗಿ ವಿಂಗಡಿಸಿರುವನು. ಬೆಳಕು ಮೂರನೆಯ ವರ್ಗದವನು. ಕೊಟ್ಟ ಬರೆಹವನ್ನು ಒಯ್ಯುವನಲ್ಲದೆ ಸಮಯವರಿತು ತಾನೇ ಒಂದು ಮಾತನ್ನು ಆಡಬಲ್ಲವನಲ್ಲ. ಆದುದರಿಂದ ಅವನು ಯಾವ ದಿನ ತಪ್ಪಿಸಿಕೊಂಡನೆಂಬುದೇ ಅವನ ಯೋಗ್ಯತೆಯ ಅಳತೆ. ೨೦೧೯ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕಕ್ಕೆ ನೀರು ನುಗ್ಗಿದುದನ್ನು ಈ ಪ್ರಾಂತದವರು ಮರೆತಿಲ್ಲ. ಮೇಲಿನ ಜಲಾಶಯದಿಂದ ಎಷ್ಟು ನೀರು ಬಿಟ್ಟರೆಂಬ ಸುದ್ದಿ ಕೆಳಗಿನ ಹಳ್ಳಿಗಳಿಗೆ ಮುಟ್ಟಬೇಕಾದುದು ಅಂತಹ ದಿನಗಳಲ್ಲಿಯೇ. ದೂತನು ಕಣ್ಣು ಕಾಣದೆ ನಿಲ್ಲುವುದೂ ಅಂತಹ ದಿನಗಳಲ್ಲಿಯೇ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟಿನ ಗುರುತು ಸಾಗದೆ ಚೀಲವನ್ನು ಮಡಚಿಕೊಂಡು ಹಿಂದಿರುಗುವ ಮುದುಕಿಗೆ, ವರುಷದ ಉಳಿದ ದಿನಗಳಲ್ಲಿ ಕಿರಣವು ಎಷ್ಟು ಚೆನ್ನಾಗಿತ್ತೆಂಬ ಲೆಕ್ಕವು ಯಾವ ಉಪಯೋಗಕ್ಕೆ?

ಹೀಗಿರಲು ಪ್ರಚಾರದಲ್ಲಿರುವ ಅಂಕಿಗಳನ್ನು ಸ್ವಲ್ಪ ಒರೆದು ನೋಡುವುದು ಅವಶ್ಯ. ಅಮೆರಿಕದ ಆಲ್ಫಾಬೆಟ್ ಸಂಸ್ಥೆಯ 'ತಾರಾ' ಯೋಜನೆಯವರು ೨೦೨೧ರಲ್ಲಿ ಕಾಂಗೋ ನದಿಯ ಎರಡು ದಡಗಳಲ್ಲಿರುವ ಬ್ರಾಜಾವಿಲ್, ಕಿನ್ಶಾಸಾ ನಗರಗಳನ್ನು ಸುಮಾರು ೫ ಕಿಲೋಮೀಟರಿನ ಕಿರಣದಿಂದ ಕೂಡಿಸಿ, ೨೦ ದಿನಗಳಲ್ಲಿ ಸುಮಾರು ೭೦೦ ಟೆರಾಬೈಟ್ ಸುದ್ದಿಯನ್ನು ಶೇಕಡಾ ೯೯.೯ ಲಭ್ಯತೆಯಿಂದ ಸಾಗಿಸಿದೆವೆಂದು ಪ್ರಕಟಿಸಿದರು. ನದಿಯನ್ನು ಸುತ್ತಿಕೊಂಡು ಬರುವ ಕೇಬಲಿನ ದಾರಿ ೪೦೦ ಕಿಲೋಮೀಟರಿಗಿಂತ ಹೆಚ್ಚೆಂಬುದನ್ನು ನೆನೆದರೆ ಇದು ಶ್ಲಾಘನೀಯವಾದ ಕಾರ್ಯವೇ. ಕಾರ್ಯವನ್ನು ಹೊಗಳುತ್ತಲೇ ಅಂಕಿಯನ್ನು ಪರೀಕ್ಷಿಸೋಣ. ೨೦ ದಿನವೆಂದರೆ ೪೮೦ ಗಂಟೆ. ಅದರಲ್ಲಿ ಸಾವಿರದಲ್ಲೊಂದು ಪಾಲೆಂದರೆ ಸುಮಾರು ಅರ್ಧ ಗಂಟೆ. ಆ ೨೦ ದಿನಗಳ ಆಕಾಶದ ಬಗ್ಗೆ ಅದು ನಿಜ. ವರುಷದ ಬಗ್ಗೆ ಅದು ಏನನ್ನೂ ಹೇಳದು. ಬೇರೆ ನಾಡಿನ ಬಗ್ಗೆ ಇನ್ನೂ ಕಡಮೆ. ಒಂದು ಸರ್ಗವನ್ನೋದಿ ಮಹಾಕಾವ್ಯಕ್ಕೆ ತೀರ್ಪು ಕೊಡುವವರನ್ನು ನಾವು ವಿಮರ್ಶಕರೆನ್ನುವುದಿಲ್ಲ. ನೆರೆಯ ಆಂಧ್ರಪ್ರದೇಶದಲ್ಲಿ ಇದೇ ಬಳಗದವರ ೨೦೦೦ ಬೆಳಕಿನ ಕೊಂಡಿಗಳನ್ನು ಸ್ಥಾಪಿಸುವುದಾಗಿ ೨೦೧೭ರ ಡಿಸೆಂಬರಿನಲ್ಲಿ ಪ್ರಕಟವಾಗಿದ್ದುದು ವಾಚಕರ ನೆನಪಿನಲ್ಲಿರಬಹುದು. ಅಂತಹ ಪ್ರಕಟಣೆಗಳನ್ನು ಓದುವಾಗ ಕೊಂಡಿಗಳ ಸಂಖ್ಯೆಗಿಂತ ಋತುಗಳ ಸಂಖ್ಯೆಯನ್ನು ಕೇಳುವುದು ಲೇಸು.

ವರುಷದ ಸರಾಸರಿಯನ್ನೇ ಕೊಟ್ಟರೂ ಮರೆವು ತಪ್ಪದು. ಶೇಕಡಾ ೯೯.೯ ಎಂದರೆ ವರುಷಕ್ಕೆ ೮ ಗಂಟೆ ೪೬ ಮಿನಿಟು ಮೌನ. ಶೇಕಡಾ ೯೯ ಎಂದರೆ ೮೭ ಗಂಟೆಗೂ ಮೀರಿ. ಆ ಗಂಟೆಗಳು ವರುಷವೆಲ್ಲ ಚೆಲ್ಲಿರುವುವೋ ಒಂದೆಡೆ ರಾಶಿಯಾಗಿರುವುವೋ ಎಂಬುದು ಸರಾಸರಿಯಲ್ಲಿ ಕಾಣದು. ನಮ್ಮ ರೈತನು ವರುಷವನ್ನು ಸರಾಸರಿಯಿಂದ ಅಳೆಯುವುದಿಲ್ಲ. ಅವನಿಗೆ ರೋಹಿಣಿಯ ಮಳೆ ಬೇರೆ, ಮಿರಗದ ಮಳೆ ಬೇರೆ, ಆರಿದ್ರೆ ಬೇರೆ, ಆಶ್ಲೇಷೆ ಬೇರೆ, ಹಿಂಗಾರಿನ ಸ್ವಾತಿ ಬೇರೆ. ಸೂರ್ಯನು ಇಪ್ಪತ್ತೇಳು ನಕ್ಷತ್ರಗಳಲ್ಲಿ ನಡೆಯುವ ಈ ಪಂಚಾಂಗದಲ್ಲಿ ಒಂದೊಂದಕ್ಕೆ ಸುಮಾರು ಹದಿಮೂರುವರೆ ದಿನ, ಅಂದರೆ ೩೨೫ ಗಂಟೆ. ಶೇಕಡಾ ೯೯ರ ಕೊಂಡಿಯ ಮೌನವೆಲ್ಲ ಆಶ್ಲೇಷೆಯೊಂದರಲ್ಲಿಯೇ ಬಿದ್ದರೆ, ಆ ನಕ್ಷತ್ರದಲ್ಲಿ ದೂತನು ನೂರಕ್ಕೆ ೭೩ರಷ್ಟು ಹೊತ್ತು ಮಾತ್ರ ಕೆಲಸಕ್ಕೆ ಬಂದನು. ೨೦೧೯ರ ನೆರೆ ಬಂದುದು ಆಶ್ಲೇಷೆಯಲ್ಲಿ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಎಲ್ಲ ಮೌನವೂ ಒಂದೇ ನಕ್ಷತ್ರದಲ್ಲಿ ಬೀಳದು, ನಿಜ; ಆದರೆ ಎಲ್ಲಿ ಬಿತ್ತೆಂಬುದನ್ನು ಹೇಳದೆ ಇರುವವರಿಗೆ ನಾವು ಕೆಟ್ಟುದನ್ನೇ ಊಹಿಸಿ ಕೇಳುವ ಹಕ್ಕುಳ್ಳವರು.

ದಿನದ ಹೊತ್ತಿನಲ್ಲಿಯೂ ಇದೇ ನ್ಯಾಯ. ಮಿನುಗು ತೀರ ತಗ್ಗುವುದು ಸೂರ್ಯೋದಯ ಸೂರ್ಯಾಸ್ತಗಳ ಆಸುಪಾಸಿನಲ್ಲಿ, ನೆಲವೂ ಗಾಳಿಯೂ ಒಂದೇ ಬಿಸಿಯಲ್ಲಿರುವಾಗ. ಗ್ರಂಥಗಳಲ್ಲಿ ಇದನ್ನು ಶುಭಮುಹೂರ್ತವೆಂಬಂತೆ ವರ್ಣಿಸಿರುವರು. ಮಾಗಿಯ ಚಳಿಯಲ್ಲಿ ಜಲಾಶಯದ ಮೇಲಿನ ಇಬ್ಬನಿಯ ಮಂಜೂ, ಕಬ್ಬು ಕಟಾವಾದ ಗದ್ದೆಗಳಲ್ಲಿ ರವದಿ ಸುಟ್ಟ ಹೊಗೆಯೂ ತಣ್ಣನೆಯ ಗಾಳಿಯ ಕೆಳಗೆ ಸಿಕ್ಕಿಕೊಂಡು ನೆಲಕ್ಕಂಟಿ ನಿಲ್ಲುವುದೂ ಅದೇ ಮುಂಜಾವಿನಲ್ಲಿ. ಒಂದು ಕೇಡಿನ ಶುಭಮುಹೂರ್ತವೇ ಇನ್ನೊಂದರ ರಾಹುಕಾಲವಾಯಿತು. ಮಿನುಗನ್ನು ಮಾತ್ರ ಅಳೆದು ಬರೆದ ಪ್ರಬಂಧವು ಮುಂಜಾವನ್ನು ಹೊಗಳುವುದು; ಮಂಜನ್ನು ಮಾತ್ರ ಅಳೆದುದು ತೆಗಳುವುದು; ಯಮಕನಮರಡಿಯಲ್ಲಿ ಯಂತ್ರವನ್ನಿಡುವವನಿಗೆ ಎರಡೂ ಒಂದೇ ಹಾಳೆಯ ಮೇಲೆ ಬೇಕು.

ಇನ್ನು ಪರಿಭಾಷೆ. ಪ್ರಕಟಣೆಗಳಲ್ಲಿ 'ಲಭ್ಯತೆ', 'ವಿಶ್ವಾಸಾರ್ಹತೆ' ಎಂಬ ಎರಡು ಪದಗಳನ್ನು ಒಂದಕ್ಕೊಂದು ಪರ್ಯಾಯವಾಗಿ ಬಳಸುತ್ತಿರುವರು. ಕೊಂಡಿಯು ಒಟ್ಟು ಹೊತ್ತಿನಲ್ಲಿ ಎಷ್ಟು ಪಾಲು ತೆರೆದಿತ್ತೆಂಬುದು ಲಭ್ಯತೆ. ಅದು ಎಣಿಕೆಯ ಪದ. ಬೇಕಾದ ಹೊತ್ತಿಗೆ ನಿರಂತರವಾಗಿ ತೆರೆದಿರುವುದೆಂದು ಎಷ್ಟು ಭರವಸೆಯಿಡಬಹುದೆಂಬುದು ವಿಶ್ವಾಸಾರ್ಹತೆ. ಅದು ಸಂಬಂಧದ ಪದ, ಅದರಲ್ಲಿ ನಂಬುವವನೊಬ್ಬನು ಇದ್ದೇ ಇರುವನು. ಮೊದಲನೆಯದನ್ನು ಯಂತ್ರದ ಕಡೆಯಿಂದ ಅಳೆಯಬಹುದು. ಎರಡನೆಯದನ್ನು ಕಾಯುತ್ತ ಕುಳಿತವನ ಕಡೆಯಿಂದಲೇ ಅಳೆಯಬೇಕು. ಹೊಸ ಕೋಶಗಳನ್ನು ರಚಿಸುವವರು ಈ ಭೇದವನ್ನು ಉಳಿಸಿಕೊಡುವುದು ಒಳ್ಳೆಯದು. 'ಮಿನುಗು', 'ಕುಂದು', 'ಮಬ್ಬು', 'ಕಾವಳ' ಎಂಬ ತಿರುಳ್ಗನ್ನಡದ ಪದಗಳು ಶಾಸ್ತ್ರಕ್ಕೆ ಸಾಲುವಷ್ಟು ನಿಶ್ಚಿತಾರ್ಥವುಳ್ಳವಾಗಿರುವಾಗ, ಅವನ್ನು ಬಿಟ್ಟು ಬಾಯಿಗೆ ಹೊರಳದ ಸಮಾಸಗಳನ್ನು ಕಟ್ಟುವ ಆತುರವೇಕೆಂಬುದೂ ವಿಚಾರಣೀಯ.

ಅಳತೆಯ ಕೆಲಸಕ್ಕೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. ಯಮಕನಮರಡಿಯ ದಿಬ್ಬದಿಂದ ಗೊತ್ತಾದ ದೂರದ ನಾಲ್ಕಾರು ಗುರುತುಗಳನ್ನು, ಗುಡಿಯ ಶಿಖರವನ್ನೋ ನೀರಿನ ತೊಟ್ಟಿಯನ್ನೋ, ಆರಿಸಿಕೊಂಡು, ದಿನಕ್ಕೆ ನಾಲ್ಕು ಹೊತ್ತು ಯಾವುದು ಕಂಡಿತು ಯಾವುದು ಕಾಣಲಿಲ್ಲವೆಂದು ನಕ್ಷತ್ರವಾರಿಯಾಗಿ ಬರೆದಿಟ್ಟರೆ ಸಾಕು. ಮೇಲೆ ಹೇಳಿದ ೧೭ರ ಭಾಗಾಕಾರದಿಂದ ಕುಂದು ತಾನೇ ಹೊರಬೀಳುವುದು. ರಾತ್ರಿಗೆ ಗುರುತುಗಳ ಬದಲು ದೀಪಗಳನ್ನಿಟ್ಟುಕೊಳ್ಳಬಹುದು. ದೀಪದ ಕಾಣ್ಕೆಗೆ ಲೆಕ್ಕವು ಸ್ವಲ್ಪ ಬೇರೆ. ಮೂರು ವರುಷದ ಅಂತಹ ಪಟ್ಟಿಯೊಂದಿದ್ದರೆ ಯಾವ ಕಡೆಗೆ ಎಷ್ಟು ದೂರದ ಕೊಂಡಿ ಸಲ್ಲುವುದು, ಯಾವ ನಕ್ಷತ್ರದಲ್ಲಿ ಜೊತೆಗಾರನಿಲ್ಲದೆ ಅದು ಸಲ್ಲದು ಎಂಬುದನ್ನು ಕೊಂಡಿಯನ್ನು ಕೊಳ್ಳುವ ಮೊದಲೇ ಹೇಳಬಹುದು. ಊರಿನ ಪ್ರೌಢಶಾಲೆಯ ಒಂದು ತರಗತಿ ಈ ಪಟ್ಟಿಯನ್ನು ಇಡಲು ಸಮರ್ಥ. ಮಿರಗದ ಮೊದಲನೆಯ ದಿನದಿಂದ ಆರಂಭಿಸಿದರೆ ಶಾಲೆಯ ವರುಷಕ್ಕೂ ಮಳೆಯ ವರುಷಕ್ಕೂ ಹೆಚ್ಚು ಅಂತರವಿರದು.